ಮೂಲ ಬೇಕು

ರಾತ್ರಿ ಒಂಬತ್ತೂವರೆಗೆ ಅರ್ಧ ಶಟರ್ ಇಳಿಸಿ,
ಗಲ್ಲಾದ ಚಿಲ್ಲರೆ ಎಣಿಸಿದ ಮೇಲೆ
ಬಿಲ್ಲು ಹಾಕುವ ಕಂಪ್ಯೂಟರಿನಲ್ಲೇ ಕೂತು
ಆನ್‌ಲೈನ್ ವೈದ್ಯಕೀಯ ವಿಶ್ವಕೋಶಕ್ಕೆ ಬರೆಯುತ್ತೇನೆ.
ಅಂಗಡಿ ಹುಡುಗ ಇಮ್ತಿಯಾಜ್ ಕೇಳುತ್ತಾನೆ:
ಪುಟಕ್ಕೆ ಎಷ್ಟು ಕೊಡ್ತಾರಣ್ಣ?
ಏನೂ ಇಲ್ಲ.
ಹೆಸರಾದ್ರೂ ಹಾಕ್ತಾರಾ?
ಅದೂ ಇಲ್ಲ.
ಬೀಗ ಹುಡುಕುತ್ತ ನಗುತ್ತಾನೆ.

ಈಗ ಬರೆಯುತ್ತಿರುವುದು ಹೃದಯಾಘಾತ.
ಅರಸೀಕೆರೆಯಲ್ಲಿ ಆ ಪದ ಯಾರೂ ಆಡುವುದಿಲ್ಲ.
ಇಲ್ಲಿ ಎಲ್ಲವೂ ಗ್ಯಾಸ್ಟ್ರಿಕ್ಕು,
ಸತ್ತ ಮೇಲೆ ಮಾತ್ರ ಹಾರ್ಟು.

ಕೊಬ್ಬರಿ ಮಂಡಿಯ ಹಮಾಲಿ ಮರುಳಪ್ಪ
ನಾಲ್ಕು ವರ್ಷದ ಹಿಂದೆ ಇದೇ ಕೌಂಟರಿಗೆ ಮೊಣಕೈ ಊರಿ ಅಂದಿದ್ದ:
ಮೂಟೆ ಇಳಿಸ್ದೆ ಕಣಣ್ಣ, ಭಾರ ಇಳೀಲಿಲ್ಲ.
ದವಡೆ ಬೇರೆ ಜಗ್ತೈತೆ. ಒಂದು ಗ್ಯಾಸಿನ ಮಾತ್ರೆ ಕೊಡು.
ಕೊಟ್ಟೆ. ಎಂಟು ರೂಪಾಯಿ.
ಎರಡು ರೂಪಾಯಿ ಚಿಲ್ಲರೆಗೆ ಚಾಕಲೇಟು.
ಬಸ್ಸು ಬಾಣಾವರ ಮುಟ್ಟುವ ಮೊದಲೇ
ತಲೆ ಕಿಟಕಿಗೆ ವಾಲಿತ್ತಂತೆ,
ಪಕ್ಕದವರು ನಿದ್ದೆ ಅಂದುಕೊಂಡರಂತೆ.
ಚಾಕಲೇಟು ಜೇಬಿನಲ್ಲೇ ಇತ್ತಂತೆ.

ಅವನ ಮಾತನ್ನೇ ಲಕ್ಷಣಗಳ ಕೆಳಗೆ ಬರೆದೆ:
ಮೂಟೆ ಇಳಿಸಿದರೂ ಇಳಿಯದ ಭಾರ.
ಬೆಳಿಗ್ಗೆ ನೋಡಿದರೆ ಯಾರೋ ಅಳಿಸಿದ್ದಾರೆ,
ಹೆಸರಿಲ್ಲ, ಆರಂಕಿಯ ಒಂದು ಗುರುತು,
ಪಕ್ಕದಲ್ಲಿ ಎರಡೇ ಪದ: ಮೂಲ ಬೇಕು.

ಮೂಲ ತಾನೇ? ಇಲ್ಲೇ ನಿಂತಿತ್ತು, ಬೆವರುತ್ತ,
ಕಾಲರಿಗೆ ಗೋಣಿಯ ನಾರು ಅಂಟಿಸಿಕೊಂಡು.
ಹಾಗೆಂದು ಬರೆಯಲಾಗಲಿಲ್ಲ.

ಡಿಪ್ಲೊಮಾ ಮುಗಿಸಿದ ಮೇಲೆ ಮೊದಲ ಸಲ ಪುಸ್ತಕ ತೆರೆದೆ.
ಮೂರು ವಾರ. ಕನ್ನಡಕದ ನಂಬರು ಬದಲಾಯಿತು.
ಇಪ್ಪತ್ತಾರು ವರ್ಷ ಗಟ್ಟಿ ದನಿಯಲ್ಲಿ ಹೇಳುತ್ತ ಬಂದದ್ದರಲ್ಲಿ
ಮೂರು ಮಾತು ತಪ್ಪೆಂದು ಗೊತ್ತಾಯಿತು.
ಒಂದನ್ನು ಮಾತ್ರ ಹೆಂಡತಿಯ ಮುಂದೆ ಒಪ್ಪಿಕೊಂಡೆ.

ಆರಂಕಿಯವರೂ ನಾನೂ ಜಗ್ಗಾಡಿ ಜಗ್ಗಾಡಿ
ಕೊನೆಗೆ ಉಳಿದದ್ದು ಇಷ್ಟು:
ಎದೆಯ ಮೇಲೆ ಭಾರ ಇಟ್ಟ ಹಾಗೆ ಅನ್ನಿಸಬಹುದು.
ನೋವು ದವಡೆಗೆ, ತೋಳಿಗೆ, ಬೆನ್ನಿಗೆ ಹರಡಬಹುದು.
ಗ್ಯಾಸ್ ಎಂದುಕೊಂಡು ಕಾಯಬೇಡಿ.
ಮೂಟೆ ಹೋಯಿತು. ಭಾರ ಉಳಿಯಿತು.
ಸರಿಯೇ. ಬಳ್ಳಾರಿಯಲ್ಲಿ ಕೂತು ಇದನ್ನು ಓದುವವಳ ಮನೆಯಲ್ಲಿ
ಬೇರೆ ಏನನ್ನೋ ಹೊರುವವರಿರುತ್ತಾರೆ.

ಮೊನ್ನೆ ಸೋಮವಾರ ಆಟೋ ಪಾಲಾಕ್ಷ
ಎದೆ ನೀವಿಕೊಳ್ಳುತ್ತ ಬಂದ: ಗ್ಯಾಸಿಂದು ಒಂದು.
ಡ್ರಾಯರಿಗೆ ಹೋದ ಕೈ ಅಲ್ಲೇ ನಿಂತಿತು.
ದವಡೆ? ಬೆವರು? ಯಾವಾಗಿನಿಂದ?
ಕೊಡೋದಾದ್ರೆ ಕೊಡಿ, ಟ್ರೈನ್ ಬರೋ ಟೈಮು.
ಕೊಡಲಿಲ್ಲ. ಅವನ ಆಟೋದಲ್ಲೇ ಅವನನ್ನು ಹಿಂದೆ ಕೂರಿಸಿ
ಇಮ್ತಿಯಾಜ್ ಆಸ್ಪತ್ರೆಗೆ ಓಡಿಸಿದ.

ಮರುದಿನ ಪಾಲಾಕ್ಷ ಕೌಂಟರ್ ಗುದ್ದಿ ಬೈದ:
ಬರೀ ಗ್ಯಾಸಂತೆ! ಇಸಿಜಿ ನೆಟ್ಟಗೈತಂತೆ!
ಎರಡು ಟ್ರಿಪ್ಪು ಹೋಯ್ತು, ಸ್ಟ್ಯಾಂಡಲ್ಲಿ ನಕ್ಕಿದ್ದು ಬೇರೆ!
ನಿಂತು ಪೂರ್ತಿ ಕೇಳಿಸಿಕೊಂಡೆ.
ನೋಡಿಕೋ ಇಮ್ತಿಯಾಜ್,
ಪುಟಕ್ಕೆ ಇಷ್ಟು ಕೊಡ್ತಾರೆ.

ಆಮೇಲೆ ಮಾತ್ರೆ ಕೊಟ್ಟೆ. ಎಂಟು ರೂಪಾಯಿ.
ಗಲ್ಲಾದ ಮೂಲೆಯೆಲ್ಲ ತಡಕಿ
ಎರಡು ರೂಪಾಯಿಯ ನಾಣ್ಯವನ್ನೇ ಹುಡುಕಿ ಕೊಟ್ಟೆ.