ಆಳ ಎಷ್ಟುಂಟು?

ಎಲ್ಲರೂ ಕೇಳುವುದು ಇದೊಂದನ್ನೇ,
ಕಿತ್ತಳೆ ಜಾಕೆಟ್ಟಿನ ಬಕಲು ನಾನು ಬಿಗಿಯುವಾಗ
ಹೊಟ್ಟೆ ಒಳಗೆಳೆದುಕೊಂಡು.

ಕೋಡಿಬೆಂಗ್ರೆಯ ಹೊಳೆ. ಗಂಟೆಗೆ ನಾನೂರು.
ಕಾಂಡ್ಲಾ ಬೇರಿನ ಸಂದಿಯಲ್ಲಿ ಕಯಾಕು;
ಮಿಂಚುಳ್ಳಿ ಕಂಡರೆ ನಿಮ್ಮ ಅದೃಷ್ಟ,
ಏಡಿ ಹೇಗೂ ಕಾಣುತ್ತದೆ.

ಹನ್ನೆರಡು ಅಡಿ, ಎನ್ನುತ್ತೇನೆ.
ದುಡ್ಡು ಕೊಟ್ಟವರಿಗೆ ಒಂದಿಷ್ಟು ಭಯವೂ ಸಿಗಬೇಕಲ್ಲ.

ನಿನ್ನೆ ಹುಬ್ಬಳ್ಳಿಯವರು.
ಮದುವೆಯಾಗಿ ಮೂರು ವಾರದ ಹುಡುಗಿ,
ಜೊತೆಗೆ ಅತ್ತೆ ನೀಲವ್ವ,
ಇಳಕಲ್ ಸೀರೆಯ ಮೇಲೇ ಜಾಕೆಟ್ಟು.
ಗಂಡ ಬರಲಿಲ್ಲ, ದಂಡೆಯಲ್ಲಿ ಎಳನೀರು ಹಿಡಿದು ಕೂತ.

ತಿರುಗಿ ಬರುವಾಗ ಇಳಿತ.
ಕಯಾಕು ಕೆಸರಿಗೆ ಕೂತಿತು, ಕದಲಲಿಲ್ಲ.
ನಾನು ಕಾಲು ಹೊರಗಿಟ್ಟೆ.
"ಯವ್ವಾ, ಹೋದ್ಳು!"
ನೀಲವ್ವ ಕಣ್ಣು ಮುಚ್ಚಿಕೊಂಡರು.

ನಿಂತೇ ಇದ್ದೆ.
ನೀರು ಮೊಣಕಾಲು ಮುಟ್ಟಿರಲಿಲ್ಲ.

ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು.
"ಹನ್ನೆರಡು ಫೂಟ್ ಅಂದಿದ್ಯಲ್ಲ ತಂಗಿ?"
ಏನು ಹೇಳುವುದು.
ಕಯಾಕು ಬರುವ ಮೊದಲು
ಇದೇ ಹೊಳೆಯಲ್ಲಿ ಮರುವಾಯಿ ಹೆಕ್ಕುತ್ತಿದ್ದವಳು ನಾನು,
ಅಂಗಾಲಿನಲ್ಲೇ ಹುಡುಕಿ,
ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು.
ಯಾವ ತಿಂಗಳು, ಯಾವ ತಿಥಿಗೆ ಎಲ್ಲಿ ಎಷ್ಟು ನೀರು,
ನನ್ನ ಕಾಲಿಗೆ ಗೊತ್ತು.
ಉಬ್ಬರಕ್ಕೆ ಹನ್ನೆರಡು, ಅಂದೆ. ಅದೂ ಸುಳ್ಳೇ.

ನೀಲವ್ವ ಸೀರೆ ಎತ್ತಿ ಕಟ್ಟಿದರು.
ಇಳಿದರು.
ಬೆರಳ ಸಂದಿಯಲ್ಲಿ ಕೆಸರು ಮೇಲೇಳುವಾಗ
ಗುಳುಗುಳು ನಕ್ಕರು, ಯಾರೂ ಹೇಳದ ನಗೆಹನಿಗೆ.
"ಹಗ್ಗ ಇಲ್ಲಿ ಕೊಡು. ಎಷ್ಟೋ ಎತ್ತು ಜಗ್ಗೀನಿ."

ಸೊಸೆಯನ್ನು ಕೂರಿಸಿ ಎಳೆದರು ಕಯಾಕು,
ದಂಡೆಯವರೆಗೂ,
ಹೊಳೆ ತನ್ನದೇ ಹೊಲ ಎಂಬಂತೆ.
ಸೊಸೆಯ ಕೈಯಲ್ಲಿ ಫೋನಿತ್ತು;
ಫೋಟೊ ತೆಗೆಯಲು ಮರೆತೇಬಿಟ್ಟಿದ್ದಳು.