ಹಿಂದಿನ ವ್ಯಾನು

ಹೊಸಬರು ಮೂವತ್ತೊಂದು ಮಂದಿ, ಹೆಸರುಗಳು ನಲವತ್ತು.
ಹಾಗಾಗಿ ಕೆಲವರ ಎದೆಯ ಮೇಲೆ ಎರಡೆರಡು ಚೀಟಿ,
ನಾಲ್ಕು ಪಿನ್ನು.
ಬೆಳಗಿನ ಐದೂವರೆ. ಸಾಂತಾ ಫೆಯ ಆಚೆಯ ದಿಬ್ಬಗಳಿಗೆ
ಇನ್ನೂ ಬಣ್ಣ ಬಂದಿಲ್ಲ; ಜೂನಿಪರ್ ಪೊದೆಗಳು
ಯಾರಿಗೋ ಕಾದು ಕೂತವರ ಹಾಗೆ ಕಪ್ಪಗೆ.
ಸಾರ್ಜೆಂಟ್ ಗ್ರಿಯೇಗೋ ಸೀಟಿ ಊದಿದ.
ಹೆಜ್ಜೆಗಳ ಸದ್ದು ಮೊದಲು ಒಂದೇ,
ಆಮೇಲೆ ಚೆಲ್ಲಿದ ಕಾಳು.

ನಾನು ಹಿಂದಿನ ವ್ಯಾನಿನವನು.
ಬಿದ್ದವರನ್ನು ಎತ್ತಿಕೊಳ್ಳುವುದು ಕೆಲಸ.
ಹದಿಮೂರು ವರ್ಷದಲ್ಲಿ ಹತ್ತಿದವರು ಇಬ್ಬರು:
ಒಬ್ಬನ ಕಾಲು ಉಳುಕಿತ್ತು, ಇನ್ನೊಬ್ಬ
ಬಾಗಿಲು ಹಾಕುವ ಮೊದಲೇ ಅಳುತ್ತ ಇಳಿದುಹೋದ.
ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು, ಕಂಬಳಿ,
ನನ್ನ ಮಂಡಿಗೆ ಹಚ್ಚುವ ಮುಲಾಮು.
ಪಕ್ಕದ ಸೀಟಿನ ಮೇಲೆ ಏನೂ ಇಡುವುದಿಲ್ಲ.
ಅಭ್ಯಾಸ, ಅಷ್ಟೆ.

ಎಲಾಯ್ ಬರೇಲಾ ಅಲ್ಲಿ ಕೂರುತ್ತಿದ್ದ,
ಇದರಲ್ಲಲ್ಲ, ನಮ್ಮ ಹಳೆಯ ಗಸ್ತಿನ ಕಾರಿನಲ್ಲಿ.
ಪಿನ್ಯೋನ್ ಬೀಜ ಹಲ್ಲಿನಲ್ಲಿ ಒಡೆದು
ಸಿಪ್ಪೆಯನ್ನು ನನ್ನ ಬೂಟಿನ ಕಡೆಗೇ ಉಗಿಯುತ್ತಿದ್ದ.
ಅವನು ಸತ್ತದ್ದರಲ್ಲಿ ಗುಂಡಿಲ್ಲ, ಕಳ್ಳನಿಲ್ಲ.
ಹೆದ್ದಾರಿಯ ಅಂಚು, ಪಂಕ್ಚರಾದ ಹುಲ್ಲಿನ ಲಾರಿ,
ಬಗ್ಗಿ ಟಾರ್ಚು ಹಿಡಿದ ಒಬ್ಬ ಮನುಷ್ಯ,
ನಿದ್ದೆಗಣ್ಣಿನ ಒಂದು ಕಾರು.
ನಾನು ಆ ರಾತ್ರಿ ರಜೆ. ದವಡೆ ಹಲ್ಲು ಕೀಳಿಸಿಕೊಂಡಿದ್ದೆ.
ಫೋನು ಬಂದಾಗ ಬಾಯಿ ತುಂಬ ಹತ್ತಿ;
ಹೂಂ ಅನ್ನಲೂ ಆಗಲಿಲ್ಲ.

ಈ ಸಲ ಅವನ ಚೀಟಿ ತ್ಸೋಸಿಗೆ ಬಿದ್ದಿದೆ.
ಶಿಪ್‌ರಾಕ್ ಕಡೆಯ ಹುಡುಗಿ, ಗಿಡ್ಡ ಕಾಲು,
ಕಾನೂನಿನ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ,
ಓಟದಲ್ಲಿ ಯಾವತ್ತೂ ನನ್ನ ಹೆಡ್‌ಲೈಟಿನ ಮುಂದೆ.
ಮೂರನೆಯ ಮೈಲಿ. ಒಣಗಿದ ಹಳ್ಳ ದಾಟಿ ಏರು.
ಉಳಿದವರು ತಿರುವಿನಲ್ಲಿ ಮರೆಯಾಗಿ ಆಗಲೇ ಹೊತ್ತಾಯಿತು.
ಅವಳು ನಿಂತಳು. ಬಗ್ಗಿದಳು.
ಬಗ್ಗುವ ಮೊದಲು ಎಡಗೈಯಿಂದ
ಚೀಟಿಯನ್ನು ಭುಜದ ಮೇಲಕ್ಕೆ ಎಳೆದು ಹಿಡಿದಳು,
ಹೆಸರಿನ ಮೇಲೆ ಬೀಳದ ಹಾಗೆ,
ಆಮೇಲೆ ವಾಂತಿ ಮಾಡಿದಳು.

ನಾನು ಬಾಗಿಲು ತೆರೆಯುವಷ್ಟರಲ್ಲಿ
ಏರಿನ ಮೇಲಿಂದ ಪ್ರುಡೆನ್ಸಿಯಾ ಇಳಿದು ಬರುತ್ತಿದ್ದಳು,
ಕೈಯಲ್ಲಿ ಹೆಚ್ಚಿದ ಕಿತ್ತಳೆಯ ಡಬ್ಬಿ.
ಪ್ರತಿ ವರ್ಷ ಅಲ್ಲೇ ನಿಲ್ಲುತ್ತಾಳೆ,
ಪ್ರತಿ ಎದೆಯನ್ನೂ ಓದುತ್ತಾಳೆ.
ಹುಡುಗಿಯ ಬೆನ್ನು ನೀವಿದಳು,
ಚೀಟಿ ನೋಡಿದಳು, ಕೈ ತೆಗೆಯಲಿಲ್ಲ.
‘ನಾಚಿಕೆ ಯಾಕೆ? ಎಲಾಯ್ ಬಸ್ಸು ಹೊರಟರೂ ಓಡಿದವನಲ್ಲ.
ಇನ್ನೊಂದು ಬರುತ್ತದೆ ಅನ್ನುತ್ತಿದ್ದ.’
ತ್ಸೋಸಿ ನಕ್ಕಳೋ ಬಿಕ್ಕಿದಳೋ ಗೊತ್ತಾಗಲಿಲ್ಲ.
ಒಂದು ಹೋಳು ಬಾಯಿಗಿಟ್ಟು ಮತ್ತೆ ಓಡಿದಳು,
ಓಟ ಅನ್ನಬಹುದಾದರೆ.
ಪ್ರುಡೆನ್ಸಿಯಾ ನನ್ನ ಕಿಟಕಿಗೂ ಒಂದು ಹೋಳು ಚಾಚಿದಳು.
ಹಲ್ಲಿನ ಬಗ್ಗೆ ಅವಳು ಯಾವತ್ತೂ ಕೇಳಿಲ್ಲ.
ನಾನು ಹೇಳಿಯೂ ಇಲ್ಲ.

ಅಕಾಡೆಮಿಯ ಗೇಟು ಕಾಣುವ ಹೊತ್ತಿಗೆ
ಅಲ್ಲಿ ಹಾಜರಿ ಶುರುವಾಗಿತ್ತು.
ಸತ್ತವನ ಹೆಸರು ಕೂಗುವುದು,
ಧರಿಸಿದವರು ಹಾಜರ್ ಅನ್ನುವುದು.
ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ಪ್ರತಿಯೊಂದೂ ಕೇಳಿಸಿತು.
ಬರೇಲಾ, ಅಂದ ಸಾರ್ಜೆಂಟ್.
ಇಲ್ಲಿ ಮುನ್ನೂರು ಗಜ ಹಿಂದೆ ಹುಡುಗಿ ಬಾಯಿ ತೆರೆದಳು,
ಬಂದದ್ದು ಬರೀ ಉಸಿರು.
ಬರೇಲಾ, ಎಲಾಯ್.
ನನ್ನ ಅಂಗೈ ಹಾರನ್ನಿನ ಮೇಲಿತ್ತು. ಒತ್ತಲಿಲ್ಲ.
ಅದು ಅವಳು ಹೇಳಬೇಕಾದ ಮಾತು.

ಸಾರ್ಜೆಂಟ್ ಮುಂದಿನ ಹೆಸರಿಗೆ ಹೋಗಲಿಲ್ಲ.
ಹಾಳೆಯನ್ನು ತೊಡೆಗೆ ಆನಿಸಿ ರಸ್ತೆಯ ಕಡೆ ತಿರುಗಿದ.
ಮೂವತ್ತು ಮುಖಗಳೂ ತಿರುಗಿದವು.
ಧ್ವಜದ ಹಗ್ಗ ಕಂಬಕ್ಕೆ ಟಣ್ ಟಣ್ ಬಡಿಯುತ್ತಿತ್ತು.
ಅವಳ ಬೂಟು, ಅದರ ಹಿಂದೆ ನನ್ನ ಎಂಜಿನ್ನು,
ಇನ್ನೂ ಮೊದಲ ಗೇರಿನಲ್ಲೇ,
ನಾಲಗೆಯಡಿ ಕಿತ್ತಳೆಯ ಬೀಜ.