ಗೊತ್ತಿರುವವರ ಪಟ್ಟಿ

ಮಂಡ್ಯದಿಂದ ಪುಟ್ಟಮಾದಯ್ಯ ತಂದದ್ದು ಅರಗಿನ ಮುದ್ರೆಯ ಡಬ್ಬ,
ಒಳಗೆ ಗುತ್ತಲು ರಸ್ತೆಯ ಜೆರಾಕ್ಸ್ ಅಂಗಡಿಯ ಹಾರ್ಡ್‌ಡಿಸ್ಕು.
"ನಕಲಿ ಮಾರ್ಕ್ಸ್‌ಕಾರ್ಡು ಕೇಸು ಮೇಡಂ" ಅಂದ,
ಕುರ್ಚಿ ತೋರಿಸಿದರೂ ಕೂರಲಿಲ್ಲ.

ನಾಲ್ಕು ಲಕ್ಷದ ಮೇಲೆ ಫೈಲು.
ಮೊದಲಿಗೆ ಯಾವುದನ್ನೂ ತೆರೆಯುವುದಿಲ್ಲ ನಾನು, ಹೆಸರೂ ಕೇಳುವುದಿಲ್ಲ:
ಹೆಸರು ಯಾರು ಬೇಕಾದರೂ ಇಟ್ಟುಕೊಳ್ಳುತ್ತಾರೆ.
ಗಾಣಕ್ಕೆ ಕೊಟ್ಟ ಹಾಗೆ ಒಂದೊಂದನ್ನೂ ಹಿಂಡಿದರೆ
ಅರವತ್ತನಾಲ್ಕು ಅಕ್ಷರದ ಒಂದು ಸಾಲು.
ಬೆಲ್ಲದಿಂದ ಕಬ್ಬು ಮರಳುವುದಿಲ್ಲ,
ಆದರೆ ಅದೇ ಕಬ್ಬಿಗೆ ಯಾವತ್ತೂ ಅದೇ ಅಚ್ಚು.

ಊರೂರಿನ ಯಂತ್ರಗಳಲ್ಲೂ ಇದ್ದೇ ಇರುವವರ ಪಟ್ಟಿ ನನ್ನ ಬಳಿ ಇದೆ.
ನುಡಿ ಫಾಂಟು, ಪ್ರಿಂಟರಿನ ಡ್ರೈವರು, ಕಸದಬುಟ್ಟಿಯ ಚಿತ್ರ,
ನೀವೆಲ್ಲ ಗೊತ್ತಿರುವವರು, ಹೊರಡಿ.
ಊಟದ ಹೊತ್ತಿಗೆ ಉಳಿದವರು ಇನ್ನೂರಾ ಆರು.

ಅವರಲ್ಲೊಬ್ಬ ಇಸ್ಪೀಟಾಟ ಅಂತ ಹೆಸರಿಟ್ಟುಕೊಂಡು ಕೂತಿದ್ದ.
ಇಸ್ಪೀಟಾಟದ ಸಾಲು ಪಟ್ಟಿಯಲ್ಲಿದೆ; ಇವನದು ಅದಲ್ಲ.
ತೆರೆದೆ.
ಹತ್ತನೇ ತರಗತಿ, ಗಣಿತ: ಇಪ್ಪತ್ತೊಂಬತ್ತು.
ಪಕ್ಕದಲ್ಲೇ ಇನ್ನೊಂದು, ಗಣಿತ: ಮೂವತ್ತೈದು.
ಮಿಕ್ಕದ್ದೆಲ್ಲ ಒಂದೇ. ಸಾಲುಗಳು ಮಾತ್ರ
ಹುಟ್ಟಿದಾಗಿನಿಂದ ಮುಖ ನೋಡದವರ ಹಾಗೆ.
ಹೆಸರು ಅಂಗಡಿಯವನದೇ. ಹದಿನಾರು ವರ್ಷದ ಹಿಂದಿನ ತಾರೀಖು,
ಮುದ್ರಿಸಿದ ಗುರುತಿಲ್ಲ.

ಎರಡೂ ಸಾಲನ್ನು ವರದಿಗೆ ಇಳಿಸಿದೆ.
ಪುಟ್ಟಮಾದಯ್ಯ ಬಗ್ಗಿ, ಬೆರಳಿಟ್ಟು, ಬಹಳ ಹೊತ್ತು ನೋಡಿದ.
"ಇದರಲ್ಲಿ ಯಾವುದು ಮೇಡಂ, ಪಾಸಾಗಿದ್ದು?"